ಬಿಟ್ಟಿ ತಂತ್ರಾಂಶ ಬಳಸಿದವರಿಗೆ ಋಣ ಇದೆಯೇ?

ಪ್ರಶ್ನೆ: ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆಗೆ ಇಂಕ್‌ಸ್ಕೇಪ್, ಅರ್ಜಿಗಳಿಗೆ ಲಿಬ್ರೆಆಫೀಸ್, ಎರಡೂ ಉಚಿತ ತಂತ್ರಾಂಶಗಳು. ಆರು ವರ್ಷದಿಂದ ಒಂದು ಪೈಸೆ ಕೊಟ್ಟಿಲ್ಲ. ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ‘ಮಾವ, ಬಿಟ್ಟಿ ಬಳಸಿ ದುಡ್ಡು ಮಾಡ್ತಿದೀಯ, ಏನಾದ್ರೂ ವಾಪಸ್ ಕೊಡು’ ಅಂತ ಚುಚ್ಚುತ್ತಾನೆ. ಕೋಡ್ ಬರೆಯಲು ನನಗೆ ಬಾರದು. ನಾನು ಮಾಡುತ್ತಿರುವುದು ತಪ್ಪೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ತಪ್ಪಲ್ಲ. ಯಾವ ಕೆಲಸಕ್ಕಾದರೂ ಬಳಸಿಕೊಳ್ಳಿ, ಸಂಪಾದನೆಗೂ ಅಡ್ಡಿಯಿಲ್ಲ ಎಂದು ಇವುಗಳ ಲೈಸೆನ್ಸೇ ಹೇಳುತ್ತದೆ. ನೀವು ಮಾಡಿದ ಪತ್ರಿಕೆಯೂ ನಿಮ್ಮದೇ. ಪ್ರೋಗ್ರಾಮನ್ನೇ ಬೇರೆಯವರಿಗೆ ಹಂಚುವವರು ಮಾತ್ರ ಅದರ ಸೋರ್ಸ್ ಕೋಡನ್ನು (ಪ್ರೋಗ್ರಾಮಿನ ಮೂಲ ಬರಹ), ತಿದ್ದಿದ್ದರೆ ತಿದ್ದಿದ್ದನ್ನೂ ಸೇರಿಸಿ, ಒದಗಿಸಬೇಕು. ಆ ಗೋಜು ನಿಮಗಿಲ್ಲ.

ಆದರೆ ಹುಡುಗನ ಮಾತಿನಲ್ಲೂ ಹುರುಳಿದೆ. ಎಷ್ಟು ಜನ ಬಳಸಿದರೂ ಇಂಕ್‌ಸ್ಕೇಪ್ ಸವೆಯದು, ಅದನ್ನು ನೋಡಿಕೊಳ್ಳುವವರು ಸವೆಯುತ್ತಾರೆ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಜಗತ್ತಿನ ಅಸಂಖ್ಯ ಜಾಲತಾಣಗಳು ಮಾಹಿತಿ ಗುಟ್ಟಾಗಿಡಲು ನೆಚ್ಚಿಕೊಂಡಿದ್ದ, ಆ ದೋಷವಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್, ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ ಎಂಬುದು ಎಲ್ಲರಿಗೂ ಗೊತ್ತಾಯಿತು. ಅದರ ಮೇಲೆ ಕೋಟಿಗಟ್ಟಲೆ ಗಳಿಸುತ್ತಿದ್ದ ಕಂಪನಿಗಳನ್ನು ಅಳಿಯ ಮೊದಲು ಚುಚ್ಚಲಿ.

ನಿಮ್ಮಲ್ಲಿ ಹಣಕ್ಕಿಂತ ಅಪರೂಪದ್ದೊಂದಿದೆ: ಕನ್ನಡದ ತಪ್ಪು ಹಿಡಿಯುವ ಕಣ್ಣು. ಪಿಡಿಎಫ್ ಮಾಡುವಾಗ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಿಗಿದರೆ, ಒತ್ತಕ್ಷರ ಕಳಚಿ ಬಿದ್ದರೆ ಜರ್ಮನಿಯಲ್ಲಿ ಕೂತ ಪ್ರೋಗ್ರಾಮರ್‌ಗೆ ಅದು ತಪ್ಪೆಂದೇ ತಿಳಿಯದು. ನಾವು ಕೈಯಲ್ಲೇ ಸರಿಮಾಡಿಕೊಂಡು ಪ್ರಿಂಟ್‌ಗೆ ಕಳಿಸಿಬಿಡುತ್ತೇವೆ (ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೇನೆ). ಮುಂದಿನ ಸಲ ದೂರು ದಾಖಲಿಸಿ. ಲಿಬ್ರೆಆಫೀಸ್‌ಗಾದರೆ ಅದರ ಬಗ್‌ಜಿಲ್ಲಾ, ಇಂಕ್‌ಸ್ಕೇಪ್‌ಗಾದರೆ ಗಿಟ್‌ಲ್ಯಾಬ್, ಎರಡೂ ದೂರು ಬರೆಯುವ ಜಾಲತಾಣಗಳು. ಆವೃತ್ತಿ ಸಂಖ್ಯೆ, ಫಾಂಟಿನ ಹೆಸರು, ಎರಡೇ ಪದವಿರುವ ಫೈಲು, ಹೇಗೆ ಬಂದಿದೆ ಮತ್ತು ಹೇಗೆ ಬರಬೇಕಿತ್ತು ಎಂಬ ಚಿತ್ರ, ಇಷ್ಟು ಸಾಕು. ಅಕ್ಷರ ಯೂನಿಕೋಡ್‌ನಲ್ಲಿದೆಯೇ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಎಂದು ಮೊದಲು ನೋಡಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಹಳೆಯ ಆಸ್ಕಿ ಫಾಂಟಿನ ರಗಳೆಗೆ ಇವರು ಹೊಣೆಯಲ್ಲ. ಅದೇ ದೂರು ಆಗಲೇ ಇದ್ದರೆ ಅದರ ಕೆಳಗೇ ನಿಮ್ಮ ಅನುಭವ ಸೇರಿಸಿ. ಗಿರಾಕಿಯ ಪತ್ರಿಕೆಯನ್ನೇ ಲಗತ್ತಿಸಬೇಡಿ, ಅದರಲ್ಲಿ ಮನೆಯವರ ಫೋನ್ ನಂಬರ್ ಇರುತ್ತದೆ.

ಮೆನುಗಳ ಕನ್ನಡ ಅನುವಾದಕ್ಕೂ ಕೈ ಹಾಕಬಹುದು. ಯಂತ್ರಾನುವಾದ ತಂದು ಸುರಿಯುವುದಾದರೆ ಸುಮ್ಮನಿರುವುದೇ ಉಪಕಾರ, ತಿದ್ದುವವರಿಗೆ ದುಪ್ಪಟ್ಟು ಕೆಲಸವಾಗುತ್ತದೆ.

ದೂರನ್ನು ಇಂಗ್ಲಿಷಿನಲ್ಲಿ ಬರೆಯಬೇಕಲ್ಲ ಎಂಬ ಅಳುಕಿದ್ದರೆ, ಅಳಿಯ ರಜೆಗೆ ಬಂದಾಗ ಪಕ್ಕದಲ್ಲೇ ಕೂರಿಸಿಕೊಳ್ಳಿ.