ಸಂಪಾದಕರ ಉತ್ತರ: ಕಾಫಿ ದುಡ್ಡು ಬಂದದ್ದು ಅವರಿಗೆ ಹೇಗೆ ಗೊತ್ತಾಯಿತು?

ನಾಪೋಕ್ಲು ಕಡೆಯ ಬೆಳೆಗಾರರೊಬ್ಬರು ಬರೆದಿದ್ದಾರೆ: ‘ಕಾಫಿ ಮಾರಿದ ಹಣ ಖಾತೆಗೆ ಬಂದ ಮರುದಿನವೇ ಬ್ಯಾಂಕಿನ ಹೆಸರಲ್ಲಿ ಮೆಸೇಜು. ಪ್ಯಾನ್ ಜೋಡಿಸಿಲ್ಲ, ಇವತ್ತು ರಾತ್ರಿ ಖಾತೆ ಬಂದ್, ಲಿಂಕ್ ಒತ್ತಿ ಎಂದಿತ್ತು. ಒತ್ತಿದೆ. ಏನೋ ಡೌನ್‌ಲೋಡ್ ಆಗುತ್ತಿರುವಾಗ ಕರೆಂಟು, ಅದರ ಹಿಂದೆಯೇ ನೆಟ್‌ವರ್ಕು ಹೋಯಿತು. ಪಕ್ಕದ ತೋಟದವರು ಈ ವಾರವೇ ಕಾಫಿ ಕೊಟ್ಟಿದ್ದಾರೆ, ಅವರಿಗೆ ಈ ಮೆಸೇಜು ಬಂದಿಲ್ಲ. ನನ್ನ ಹಣದ ಸುದ್ದಿ ಕಳ್ಳರಿಗೆ ಮುಟ್ಟಿದ್ದು ಹೇಗೆ? ಮಗ ಬೈದ, ನಾಚಿಕೆಯಾಗಿದೆ, ಹೆಸರು ಹಾಕಬೇಡಿ.’

ಮುಟ್ಟಿರಲಾರದು ಸ್ವಾಮಿ. ಇಂಥ ಮೆಸೇಜನ್ನು ಒಂದೇ ಸಲಕ್ಕೆ ಸಾವಿರಾರು ನಂಬರಿಗೆ ಬಿಡುತ್ತಾರೆ, ಹೊಳೆಗೆ ಬಲೆ ಬೀಸಿದ ಹಾಗೆ. ಕೊಯ್ಲು ಮುಗಿದ ದಿನಗಳಲ್ಲಿ ಕೊಡಗಿನಲ್ಲಿ ಎಲ್ಲಿ ಬೀಸಿದರೂ ಮೀನಿದೆ. ಅದೇ ಮೆಸೇಜು ಜುಲೈ ಮಳೆಯಲ್ಲಿ ಬಂದಿದ್ದರೆ, ‘ಬಂದ್ ಮಾಡಿಕೊಳ್ಳಲಿ, ಒಳಗೇನಿದೆ’ ಎಂದು ನಕ್ಕುಬಿಡುತ್ತಿದ್ದಿರಿ.

ನಾವು ಮರುಳಾಗಲು ಇನ್ನೊಂದು ಕಾರಣ ನನಗೆ ಕಾಣುತ್ತದೆ. ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಬ್ಯಾಂಕಿನೊಳಗೆ ಸೇರಿತು; ಮರುವರ್ಷ ಸಿಂಡಿಕೇಟು ಕೆನರಾಕ್ಕೆ, ಕಾರ್ಪೊರೇಷನ್ನು ಯೂನಿಯನ್ನಿಗೆ. ಐಎಫ್‌ಎಸ್‌ಸಿ ಬದಲಾಯಿತು, ಚೆಕ್ ಪುಸ್ತಕ ಬದಲಾಯಿತು. ‘ನಿಮ್ಮದು ಅಪ್‌ಡೇಟ್ ಆಗಬೇಕು’ ಎಂಬ ಮಾತು ಕಿವಿಗೆ ಒಗ್ಗಿಹೋಗಿದೆ.

ಆ ಮೆಸೇಜು ಅಳಿಸಿಲ್ಲವಾದರೆ, ಎಲ್ಲಿಂದ ಬಂದಿದೆ ನೋಡಿ. ಹತ್ತಂಕಿಯ ಮೊಬೈಲ್ ನಂಬರಾದರೆ ಅಲ್ಲಿಗೇ ಮುಗಿಯಿತು. ಬ್ಯಾಂಕಿನದು ಅಕ್ಷರಗಳ ಹೆಸರಲ್ಲಿ ಬರುತ್ತದೆ. 2025ರಿಂದ ಕೊನೆಯಲ್ಲಿ ಅಡ್ಡಗೆರೆ ಹಾಕಿ ಎಸ್ ಅಥವಾ ಟಿ, ಜಾಹೀರಾತಾದರೆ ಪಿ ಇರುತ್ತದೆ. ಹೆಸರನ್ನೂ ನಕಲು ಮಾಡುವ ಖದೀಮರಿದ್ದಾರೆ, ಅದು ಬೇರೆ ಮಾತು. ರಿಸರ್ವ್ ಬ್ಯಾಂಕು ಹೇಳಿದ ಮೇಲೆ ಬ್ಯಾಂಕುಗಳ ಜಾಲತಾಣಗಳು ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಹೋಗುತ್ತಿವೆ, ಅದನ್ನೂ ನೋಡಬಹುದು. ನಾನಂತೂ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ: ಲಿಂಕು ಮುಟ್ಟದೆ ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ ಫೋನ್ ಮಾಡುತ್ತೇನೆ, ಇಲ್ಲವೇ ಮಡಿಕೇರಿಗೆ ಹೋದಾಗ ಕೌಂಟರಿನಲ್ಲಿ ಕೇಳುತ್ತೇನೆ. ಗೂಗಲ್‌ನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರೂ ಬೇಡ, ಅಲ್ಲೂ ಇವರೇ ಕೂತಿರುತ್ತಾರೆ.

ಅರ್ಧಕ್ಕೆ ನಿಂತದ್ದು ಎಪಿಕೆ, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲು ಇರಬೇಕು. ತೆರೆಯದೆ ಅಳಿಸಿ. ಅದು ಇನ್‌ಸ್ಟಾಲ್ ಆಗಿ, ಮೆಸೇಜ್ ಓದಲು ಒಪ್ಪಿಗೆಯನ್ನೂ ಪಡೆದಿದ್ದರೆ, ಒಟಿಪಿಯನ್ನು ನೀವು ಯಾರಿಗೂ ಹೇಳಬೇಕಾಗಿರಲಿಲ್ಲ. ಅದೇ ಓದಿ ಆಚೆ ದಾಟಿಸುತ್ತಿತ್ತು. ಹಾಗಾದವರು ಮೊದಲು ಡೇಟಾ ಆಫ್ ಮಾಡಿ, ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಕರೆ ಮಾಡಬೇಕು. ಕದ್ದ ಹಣ ಖಾತೆಯಿಂದ ಖಾತೆಗೆ ಹಾರುತ್ತಿರುತ್ತದೆ, ನಗದಾಗಿ ಹೊರಬೀಳುವ ಮೊದಲು ಸಿಕ್ಕಿದರೆ ತಡೆಹಿಡಿಯಬಹುದು. ಬೆಳಗಾಗಲಿ ಎಂದು ಕಾಯುವಂತಿಲ್ಲ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ನಾವೇ ಗುಟ್ಟು ಬಿಟ್ಟುಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮ ತಲೆಗೆ. ತಿಳಿಸಿದ ಮೇಲಿನದು ಬ್ಯಾಂಕಿನ ತಲೆಗೆ.

ನೆಟ್‌ವರ್ಕು ಇಲ್ಲವೆಂದು ನಿತ್ಯ ಬೈಯುವವರಲ್ಲಿ ನಾನೂ ಒಬ್ಬ. ಈ ವಾರ ಸುಮ್ಮನಿದ್ದೇನೆ.

ಹೆಸರು ಹಾಕಿಲ್ಲ. ಆದರೆ ಆ ಮೆಸೇಜನ್ನು ಪಕ್ಕದ ತೋಟದವರಿಗೆ ಇವತ್ತೇ ತೋರಿಸಿ. ಅವರ ಹಣ ಇನ್ನೇನು ಬರುವುದರಲ್ಲಿದೆಯಲ್ಲ.