ಓದುಗರ ಪ್ರಶ್ನೆ: ಶಾಸಕರು ಹೇಳುವ ಕುಟುಂಬ, ನಮ್ಮ ಭಾಗದ ಮನೆಗಳು

ಪ್ರಶ್ನೆ: ನಾನು ಕುಷ್ಟಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ಇತ್ತೀಚೆಗೆ ಊರಿನ ಸಭೆಯಲ್ಲಿ ನಮ್ಮ ಭಾಗದ ಶಾಸಕರೊಬ್ಬರು ಮಾತನಾಡಿದರು. ಸಂಪ್ರದಾಯದಲ್ಲಿ ಗಟ್ಟಿ ನಂಬಿಕೆಯಿರುವ ಹಿರಿಯರು. ಹೆಣ್ಣುಮಕ್ಕಳ ಮದುವೆ ಯಾವಾಗ ಎಂಬುದು ಮನೆಯ ಹಿರಿಯರಿಗೆ ಬಿಟ್ಟ ವಿಚಾರವೆಂದೂ, ಹೊಟ್ಟೆಯಲ್ಲಿರುವ ಜೀವವೂ ಜೀವವೇ ಆದ್ದರಿಂದ ಗಂಡನ ಒಪ್ಪಿಗೆಯಿಲ್ಲದೆ ಗರ್ಭಪಾತಕ್ಕೆ ಅವಕಾಶ ಇರಬಾರದೆಂದೂ, ಶಾಲೆ ಪಾಠ ಹೇಳಿದರೆ ಸಾಕು, ಮೊಟ್ಟೆ ಕೊಡುವುದನ್ನು ನಿಲ್ಲಿಸಿ ಊಟ ಸಂಸ್ಕಾರಗಳನ್ನು ಮನೆಗೆ ಬಿಡಬೇಕೆಂದೂ ಹೇಳಿದರು. ಜೋರಾಗಿ ಚಪ್ಪಾಳೆ ಬಿತ್ತು. ದೀಪಾವಳಿಯ ನಂತರ ನಮ್ಮ ಒಂಬತ್ತನೆಯ ತರಗತಿಗೆ ಐವರು ಹುಡುಗಿಯರು ಬರುತ್ತಿಲ್ಲ. ಅವರಲ್ಲಿ ಇಬ್ಬರಿಗೆ ಗಂಡು ಗೊತ್ತಾಗಿದೆ ಎಂದು ಕೇಳಿದ್ದೇನೆ. ಶಾಸಕರ ಮಾತಿನಲ್ಲಿ ಕಾನೂನು ಎಷ್ಟು, ಅಭಿಪ್ರಾಯ ಎಷ್ಟು?

ಉತ್ತರ: ಕುಟುಂಬವೇ ಸಮಾಜಕ್ಕೆ ಆಧಾರ, ಮಕ್ಕಳ ವಿಷಯದಲ್ಲಿ ತಂದೆತಾಯಿಯ ಮಾತು ಮೊದಲು ನಡೆಯಬೇಕು ಎಂಬ ಅವರ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಅವರು ಹೇಳಿದ ಮೂರು ಮಾತುಗಳಲ್ಲಿ ಮೊದಲಿನ ಎರಡು, ಈಗ ಜಾರಿಯಲ್ಲಿರುವ ಕಾನೂನಿಗೆ ವಿರುದ್ಧವಾಗಿವೆ.

ಮದುವೆಯ ವಯಸ್ಸು ಮನೆಗೆ ಬಿಟ್ಟ ವಿಚಾರವಾಗಿ ಉಳಿದಿಲ್ಲ. 1929ರ ಶಾರದಾ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ಎಂದು ಮೊದಲು ಗೆರೆ ಎಳೆದಾಗಲೂ ‘ಇದು ನಮ್ಮ ಮನೆಯ ವಿಚಾರ’ ಎಂಬ ಆಕ್ಷೇಪವೇ ಎದ್ದಿತ್ತು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಗೆ ಆ ಕಾಯ್ದೆ ಅನ್ವಯಿಸಿತು. ನಿಜಾಮರ ಸಂಸ್ಥಾನದಲ್ಲಿದ್ದ ರಾಯಚೂರು, ಕೊಪ್ಪಳಗಳಿಗೆ ಅನ್ವಯಿಸಲಿಲ್ಲ. 1978ರ ತಿದ್ದುಪಡಿಯಿಂದ ಈ ವಯಸ್ಸು 18 ಮತ್ತು 21 ಆಯಿತು, 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಅದನ್ನೇ ಉಳಿಸಿಕೊಂಡು ಶಿಕ್ಷೆಯನ್ನು ಬಿಗಿಗೊಳಿಸಿತು. ಆ ಕಾಯ್ದೆಗೆ ನಮ್ಮ ರಾಜ್ಯವೇ ತಿದ್ದುಪಡಿ ತಂದು, ಬಾಲ್ಯವಿವಾಹ ನಡೆದರೂ ಅದು ಆರಂಭದಿಂದಲೇ ಅಸಿಂಧು ಎಂದು ಸಾರಿದೆ. ಶಾಸಕರು ಕುಳಿತುಕೊಳ್ಳುವ ವಿಧಾನಮಂಡಲವೇ ಒಪ್ಪಿದ ಮಾತು ಇದು. ಮದುವೆ ಮಾಡಿಸಿದವರಿಗೂ ಪ್ರೋತ್ಸಾಹ ಕೊಟ್ಟವರಿಗೂ 2 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಆ ಇಬ್ಬರು ಹುಡುಗಿಯರ ವಿಷಯದಲ್ಲಿ ನೀವು ಇಂದೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ.

ಆದರೆ ಚಪ್ಪಾಳೆ ತಟ್ಟಿದವರು ಮಕ್ಕಳ ಶತ್ರುಗಳೆಂದು ನಾನು ತಿಳಿಯುವುದಿಲ್ಲ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗದ ಒಣಬೇಸಾಯದ ಊರುಗಳಲ್ಲಿ ರಾಶಿ ಮುಗಿದ ಮೇಲೆ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಮುದುಕಿಯೊಬ್ಬಳು ಉಳಿಯುತ್ತಾಳೆ. ‘ಬೆಳೆದ ಮಗಳನ್ನು ಯಾರ ಕಣ್ಣಳತೆಯಲ್ಲಿ ಬಿಟ್ಟು ಹೋಗಲಿ, ಸರ?’ ಎಂದು ತಂದೆಯೊಬ್ಬರು ಬಸ್ ನಿಲ್ದಾಣದಲ್ಲಿ ನನ್ನನ್ನು ಕೇಳಿದ್ದರು. ಅವರ ಒಂದು ಕೈಯಲ್ಲಿ ಹಾಸಿಗೆಯ ಗಂಟು, ಇನ್ನೊಂದರಲ್ಲಿ ಸೀಮೆಎಣ್ಣೆ ಡಬ್ಬಿ. ಪಕ್ಕದಲ್ಲಿ ಸಮವಸ್ತ್ರದ ಲಂಗ ತೊಟ್ಟ ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಹುಡುಗಿಯನ್ನು ಸಂಗಡ ಕರೆದೊಯ್ದರೆ ಶಾಲೆ ತಪ್ಪುತ್ತದೆ, ಬಿಟ್ಟು ಹೋದರೆ ಭಯ, ಮದುವೆ ಮಾಡಿದರೆ ಹೊಣೆ ಇನ್ನೊಬ್ಬರದು. ಸಂಪ್ರದಾಯವೆಂದು ಶಾಸಕರು ಕರೆದದ್ದರ ಹಿಂದೆ ಬಹಳ ಮನೆಗಳಲ್ಲಿ ಇರುವುದು ಈ ಭಯ. ಮದುವೆಯನ್ನು ಹಿರಿಯರಿಗೆ ಬಿಟ್ಟುಬಿಟ್ಟರೆ ಭಯ ಹಾಗೆಯೇ ಉಳಿಯುತ್ತದೆ, ಶಾಲೆ ಮಾತ್ರ ಹೋಗುತ್ತದೆ. ಊರಿಗೆ ಹತ್ತಿರದಲ್ಲಿ ಹುಡುಗಿಯರ ಹಾಸ್ಟೆಲ್, ಗುಳೆಯ ತಿಂಗಳುಗಳಲ್ಲಿ ನಡೆಯುವ ವಸತಿ ವ್ಯವಸ್ಥೆ, ಪಿಯು ಕಾಲೇಜಿಗೆ ಸಮಯಕ್ಕೆ ಬರುವ ಬಸ್ಸು, ಇವು ಆ ತಂದೆಯ ಪ್ರಶ್ನೆಗೆ ಉತ್ತರ ಕೊಡಬಲ್ಲವು.

ಸಂಪ್ರದಾಯವನ್ನು ನಂಬಿದವರು ಇದನ್ನು ಮಾಡಲಾರರು ಎಂದು ನಾನು ಹೇಳುತ್ತಿಲ್ಲ, ಏಕೆಂದರೆ ಮಾಡಿದವರು ನಮ್ಮ ಕಣ್ಣೆದುರಿಗೇ ಇದ್ದಾರೆ. ಕೊಪ್ಪಳದ ಗವಿಮಠಕ್ಕಿಂತ ಸಂಪ್ರದಾಯದ ನೆಲೆ ನಮ್ಮ ಭಾಗದಲ್ಲಿ ಇನ್ನಾವುದಿದೆ? 2022ರಲ್ಲಿ ಅಲ್ಲಿನ ಶ್ರೀಗಳು 5,000 ವಿದ್ಯಾರ್ಥಿಗಳಿಗೆ ವಸತಿ ನಿಲಯ ಕಟ್ಟಲು ಕಣ್ಣೀರು ತುಂಬಿಕೊಂಡು ಭಕ್ತರ ಮುಂದೆ ಜೋಳಿಗೆ ಹಿಡಿದರು. ಬಡವರ ಮನೆ ಉಳಿಯಬೇಕಾದರೆ ಮಕ್ಕಳಿಗೆ ಮಲಗಲು ಜಾಗ, ಉಣ್ಣಲು ಅನ್ನ ಬೇಕು ಎಂಬುದನ್ನು ಅವರು ಕಂಡಿದ್ದರು. ನಮ್ಮ ಶಾಸಕರೂ ಕುಟುಂಬದ ಕಾಳಜಿಯನ್ನು ಅಲ್ಲಿಂದಲೇ ಆರಂಭಿಸಬಹುದು.

ಇನ್ನು ಗರ್ಭಪಾತದ ಮಾತು. ಹೊಟ್ಟೆಯಲ್ಲಿರುವ ಜೀವದ ಬಗೆಗಿನ ಕಾಳಜಿ ಹಗುರವಾದದ್ದಲ್ಲ. ಹೆಣ್ಣುಭ್ರೂಣವೆಂದು ತಿಳಿದು ತೆಗೆಸುವುದನ್ನು ತಡೆಯಲು 1994ರಲ್ಲಿ ಲಿಂಗಪತ್ತೆ ನಿಷೇಧ ಕಾಯ್ದೆ ಬಂದಾಗ ಕಾನೂನೂ ಆ ಕಾಳಜಿಯನ್ನು ಒಪ್ಪಿತು. ಆದರೆ ಗಂಡನ ಒಪ್ಪಿಗೆ ಬೇಕೆಂಬ ಮಾತು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಸಾಕು. 18 ತುಂಬದಿದ್ದರೆ ಪೋಷಕರ ಒಪ್ಪಿಗೆ ಬೇಕು. ಕಾಯ್ದೆ ಹೇಳುವ ಕಾರಣಗಳಿದ್ದಾಗ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 2021ರ ತಿದ್ದುಪಡಿಯ ಪ್ರಕಾರ, ಅತ್ಯಾಚಾರಕ್ಕೆ ಒಳಗಾದವರು ಮತ್ತು ಅಪ್ರಾಪ್ತ ವಯಸ್ಸಿನವರೂ ಸೇರಿದಂತೆ ನಿಗದಿತ ಸಂದರ್ಭಗಳಲ್ಲಿರುವವರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಅವಕಾಶವಿದೆ. ಅದಕ್ಕೂ ಮೀರಿ, ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ. ಅವಿವಾಹಿತೆಯರಿಗೂ ಇದೇ ಹಕ್ಕು ಇದೆಯೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಹದಿನಾರರ ಹುಡುಗಿಗೆ ಮದುವೆ ಮಾಡಿ, ಅವಳ ಹೆರಿಗೆಯ ಅಪಾಯವನ್ನು ನೋಡದೆ, ಜೀವದ ಮಾತನ್ನು ಭ್ರೂಣಕ್ಕಷ್ಟೇ ಸೀಮಿತಗೊಳಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಆ ಹುಡುಗಿಯದೂ ಜೀವವೇ.

ಮೊಟ್ಟೆಯ ವಿಚಾರ ಬೇಗ ಮುಗಿಯುತ್ತದೆ. 2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಸೇರಿದ್ದು ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ಮಕ್ಕಳ ಅಪೌಷ್ಟಿಕತೆ ಇಲ್ಲಿ ಹೆಚ್ಚೆಂಬ ಕಾರಣಕ್ಕೆ. ಕೆಲವು ಮಠಾಧೀಶರು ವಿರೋಧಿಸಿದಾಗ, ನಮಗೆ ಮೊಟ್ಟೆ ಬೇಕು ಎಂದು ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಗಟ್ಟಿಯಾಗಿ ಹೇಳಿದ ವಿಡಿಯೊ ನಾಡೆಲ್ಲ ಹರಿದಾಡಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ಇದೆ. ಅಂದರೆ ತೀರ್ಮಾನ ಈಗಲೂ ಮನೆಯದೇ. ಶಾಸಕರು ಕೇಳುತ್ತಿರುವುದು ಉಳಿದವರ ಮನೆಯ ತೀರ್ಮಾನವನ್ನೂ ತಾವೇ ಮಾಡಬೇಕೆಂಬುದನ್ನು.

ಕೊನೆಗೊಂದು ಮಾತು, ಇದು ನೀವು ಕೇಳದ್ದು. ಕುಟುಂಬವೆಂದರೆ ತಂದೆ, ತಾಯಿ, ಮಕ್ಕಳು ಎಂದು ವೇದಿಕೆಯ ಮೇಲೆ ಹೇಳುವಾಗ ಬಳ್ಳಾರಿ, ಕೊಪ್ಪಳ, ರಾಯಚೂರಿನ ಮಾಜಿ ದೇವದಾಸಿಯರ ಮನೆಗಳು ನೆನಪಿರಬೇಕು. ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿದ ಮೇಲೂ ಆ ತಾಯಂದಿರು ಮಕ್ಕಳನ್ನು ಶಾಲೆಗೆ ಸೇರಿಸಲು ಬಂದಾಗ ಅರ್ಜಿಯ ‘ತಂದೆಯ ಹೆಸರು’ ಎಂಬ ಸಾಲಿನ ಮುಂದೆ ಪೆನ್ನು ನಿಂತುಬಿಡುತ್ತಿತ್ತು. ನಿಮ್ಮ ಶಾಲೆಗೆ ಅಂಥ ತಾಯಿ ಬಂದರೆ ದಯವಿಟ್ಟು ಆ ಸಾಲನ್ನು ದಾಟಿ ಮುಂದಿನದನ್ನು ಬರೆಸಿರಿ, ಮತ್ತೊಬ್ಬರ ಎದುರು ಗಟ್ಟಿಯಾಗಿ ಕೇಳಬೇಡಿರಿ.

ಪ್ರಶ್ನೆ: ಅದೇ ರೀತಿಯ ಭಾಷಣವನ್ನು ನಾನು ಸಿಂಧನೂರಿನಲ್ಲಿ ಕೇಳಿದೆ. ಎಲ್ಲ ಮಕ್ಕಳೂ ಕನ್ನಡ ಮಾಧ್ಯಮದಲ್ಲೇ ಓದಬೇಕು, ಇಂಗ್ಲಿಷ್ ಮಾಧ್ಯಮ ಮನೆಯ ಸಂಸ್ಕಾರ ಕೆಡಿಸುತ್ತದೆ ಎಂದರು. ನಾನು ಮಗನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದೇನೆ. ತಪ್ಪು ಮಾಡಿದೆನೆ?

ಉತ್ತರ: ಕಾನೂನಿನ ಪ್ರಕಾರ ತಪ್ಪಲ್ಲ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು ಕರ್ನಾಟಕ 1994ರಲ್ಲಿ ಹೊರಡಿಸಿದ ಆದೇಶವನ್ನು, ಮಾಧ್ಯಮದ ಆಯ್ಕೆ ಪೋಷಕರದ್ದು ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ಎತ್ತಿಹಿಡಿಯಲಿಲ್ಲ. ಮದುವೆ, ಊಟಗಳಲ್ಲಿ ಮನೆಯವರೇ ತೀರ್ಮಾನಿಸಲಿ ಎನ್ನುವವರು ಮಾಧ್ಯಮದ ವಿಷಯದಲ್ಲಿ ಮನೆಯವರಿಗೆ ತೀರ್ಮಾನ ಬಿಡದಿರುವುದು ಹೊಂದುವ ಮಾತಲ್ಲ.

ಆದರೆ ಎಳೆಯ ಮಗು ತನ್ನ ಮಾತಿನಲ್ಲೇ ಮೊದಲ ಅಕ್ಷರ ಕಲಿಯಬೇಕು ಎಂಬ ಅವರ ಅಭಿಪ್ರಾಯದ ಜೊತೆ ನಾನಿದ್ದೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಿರುವಲ್ಲಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಎನ್ನುತ್ತದೆ. ಆ ನೀತಿಯ ಬದಲಿಗೆ ರಾಜ್ಯಕ್ಕೆ ಬೇರೆ ನೀತಿ ರೂಪಿಸಲು ನೇಮಕವಾದ ಸುಖದೇವ್ ಥೋರಟ್ ನೇತೃತ್ವದ ಆಯೋಗವೂ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆ ಎಂದೇ ಹೇಳಿದೆ. ಬೇರೆಲ್ಲದರಲ್ಲಿ ಜಗಳವಾಡುವ ಎರಡು ಪಕ್ಷಗಳ, ಅಂದರೆ ಕೇಂದ್ರದ ಬಿಜೆಪಿ ಮತ್ತು ರಾಜ್ಯದ ಕಾಂಗ್ರೆಸ್ ಸರ್ಕಾರಗಳ, ನೀತಿಯೂ ಆಯೋಗವೂ ಇಲ್ಲಿ ಒಂದೇ ಮಾತಿಗೆ ಬಂದಿವೆ. ನಮ್ಮ ಭಾಗಕ್ಕೆ ಈ ಮಾತಿನ ಬೆಲೆ ಇನ್ನೂ ಹೆಚ್ಚು ಗೊತ್ತು. ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ನನ್ನ ತಂದೆಯವರ ಶಾಲಾ ಸರ್ಟಿಫಿಕೇಟು ಇಂದಿಗೂ ಟ್ರಂಕಿನಲ್ಲಿದೆ. ಅದನ್ನು ಓದಿ ಹೇಳುವವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ. ನಿಮ್ಮ ಮಗ ಯಾವ ಮಾಧ್ಯಮದಲ್ಲಿದ್ದರೂ ಸಂಜೆ ಅರ್ಧ ಗಂಟೆ ಅವನೊಂದಿಗೆ ಕನ್ನಡ ಪುಸ್ತಕ ಹಿಡಿದು ಕುಳಿತುಕೊಳ್ಳಿರಿ.

ಪ್ರಶ್ನೆ: ಶಾಸಕರೊಬ್ಬರ ಇಂಥ ಅಭಿಪ್ರಾಯ ನಾಳೆ ಕಾನೂನಾಗಬಹುದೆ? (ಸಿರುಗುಪ್ಪದ ಪದವಿ ವಿದ್ಯಾರ್ಥಿನಿ)

ಉತ್ತರ: ಸುಲಭವಲ್ಲ. ಮದುವೆಯೂ ಶಿಕ್ಷಣವೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ ವಿಷಯಗಳು. ಶಿಕ್ಷಣ ರಾಜ್ಯ ಪಟ್ಟಿಯಿಂದ ಅಲ್ಲಿಗೆ ಹೋದದ್ದು 1976ರ 42ನೆಯ ತಿದ್ದುಪಡಿಯಿಂದ. ಕೇಂದ್ರದ ಕಾಯ್ದೆಗೆ ವಿರುದ್ಧವಾಗಿ ರಾಜ್ಯ ಕಾಯ್ದೆ ಮಾಡಿದರೆ ರಾಷ್ಟ್ರಪತಿಗಳ ಅಂಕಿತವಿಲ್ಲದೆ ಅದು ನಿಲ್ಲುವುದಿಲ್ಲ. ಮಂತ್ರಿಯಲ್ಲದ ಸದಸ್ಯರು ತಾವೇ ಮಂಡಿಸುವ ಖಾಸಗಿ ಸದಸ್ಯರ ಮಸೂದೆಗಳ ಗತಿ ತಿಳಿಯಲು ಸಂಸತ್ತನ್ನು ನೋಡಿರಿ: ಸ್ವಾತಂತ್ರ್ಯಾನಂತರ ಕಾಯ್ದೆಯಾದವು 14 ಮಾತ್ರ, ಕೊನೆಯದು 1970ರಲ್ಲಿ.

ಆದರೂ ಅಸಾಧ್ಯವೆನ್ನಲಾರೆ. ನಿಮ್ಮ ತಾಲ್ಲೂಕಿನ ಗಡಿಯಾಚೆಯ ಆಂಧ್ರಪ್ರದೇಶದಲ್ಲಿ ಇಬ್ಬರಿಗಿಂತ ಹೆಚ್ಚು ಮಕ್ಕಳಿರುವವರು ಪಂಚಾಯಿತಿ ಚುನಾವಣೆಗೆ ನಿಲ್ಲಬಾರದೆಂದು 1994ರಲ್ಲಿ ಕಾನೂನಾಯಿತು. ಜನನ ಪ್ರಮಾಣ ಇಳಿಯಿತೆಂದು 2024ರ ನವೆಂಬರ್‌ನಲ್ಲಿ ಅದೇ ಶಾಸನಸಭೆ ಅದನ್ನು ತೆಗೆದುಹಾಕಿತು. ಶಾಸಕರ ಅಭಿಪ್ರಾಯಕ್ಕಿಂತ ಅವರ ಅನುದಾನದ ಪಟ್ಟಿಯ ಮೇಲೆ ಕಣ್ಣಿಡುವುದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯಡಿ ಬಂದ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಶಾಲಾ ಕೊಠಡಿ, ಹಾಸ್ಟೆಲ್‌ಗಳಿಗೆ ಎಷ್ಟು ಹೋಯಿತೆಂದು ಮಾಹಿತಿ ಹಕ್ಕಿನಡಿ ಕೇಳಬಹುದು. ವಿಧಾನಮಂಡಲದಲ್ಲಿ ಅರ್ಜಿಗಳ ಸಮಿತಿಯೂ ಇದೆ. ಹುಡುಗಿಯರ ಹಾಸ್ಟೆಲ್‌ಗಾಗಿ ಅರ್ಜಿ ಬರೆಯುವುದಾದರೆ ಅದರಲ್ಲಿ ಮಕ್ಕಳ ಹೆಸರು ಹಾಕಬೇಡಿರಿ. ಎಷ್ಟು ಮಂದಿ, ಯಾವ ತರಗತಿ, ಊರಿನಿಂದ ಈಗಿನ ಹಾಸ್ಟೆಲ್ ಎಷ್ಟು ಕಿಲೊಮೀಟರ್ ದೂರ ಎಂಬುದಷ್ಟು ಇದ್ದರೆ ಸಾಕು.