ಮೂವರ ಕೆಲಸ, ಒಬ್ಬಳ ಸಿಟ್ಟು

ಪ್ರಶ್ನೆ: ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯೊಂದರಲ್ಲಿ ಏಳು ವರ್ಷಗಳಿಂದ ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್ ಆಗಿದ್ದೇನೆ. ಕೆಲಸ ಸಿಗದ ಪದವೀಧರರಿಗೆ, ಡಿಪ್ಲೊಮಾದವರಿಗೆ ಸರ್ಕಾರ ಭತ್ಯೆ ಕೊಡುವ ಯುವನಿಧಿ ಶುರುವಾದ ಮೇಲೆ ಜನ ಮುಗಿಬೀಳುತ್ತಿದ್ದಾರೆ. ಇಬ್ಬರು ಗುಮಾಸ್ತರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಸಾಹೇಬರಿಗೆ ಇನ್ನೊಂದು ಜಿಲ್ಲೆಯ ಪ್ರಭಾರವೂ ಇದೆ. ವಾರಕ್ಕೆ ಎರಡು ದಿನ ಬರುತ್ತಾರೆ, ಉಳಿದ ದಿನ ಅವರ ಲಾಗಿನ್‌ನಲ್ಲಿ ನಾನೇ ಕೆಲಸ ಮುಗಿಸುತ್ತೇನೆ. ಕಳೆದ ವಾರ, ಆಧಾರ್‌ಗೂ ಅಂಕಪಟ್ಟಿಗೂ ಹೆಸರು ಹೊಂದದ ಹುಡುಗನೊಬ್ಬ ಮೂರನೇ ಸಲ ಬಂದಾಗ ಅವನ ಕಾಗದಗಳನ್ನು ಮೇಜಿನಾಚೆ ತಳ್ಳಿಬಿಟ್ಟೆ. ಎಲ್ಲ ನೆಲಕ್ಕೆ ಬಿದ್ದವು. ಅವನ ತಾಯಿ ಒಂದೊಂದನ್ನೇ ಆರಿಸಿ, ಸೆರಗಿನಿಂದ ಒರೆಸಿ, ನನಗೇ ಕೈಮುಗಿದು ಹೋದರು. ಅಂದಿನಿಂದ ಊಟ ಸೇರುತ್ತಿಲ್ಲ. ಯಜಮಾನರು ಕೆಲಸ ಬಿಡು ಎನ್ನುತ್ತಾರೆ. ಎರಡು ತಿಂಗಳ ಸಂಬಳವೂ ಬಾಕಿ ಇದೆ. ಬಿಟ್ಟುಬಿಡಲೇ?

— ಹೆಸರು ಬೇಡ

ಸಹೋದರಿ,

ನಾನೂ ಕಚೇರಿ ಕುರ್ಚಿಯಲ್ಲೇ ಕೂದಲು ಹಣ್ಣು ಮಾಡಿಕೊಂಡವಳು. ಬೈದು ಹೋದವರು ಸಂಜೆಯ ಹೊತ್ತಿಗೆ ಮರೆತುಹೋಗುತ್ತಾರೆ. ಕೈಮುಗಿದು ಹೋದವರು ಹಾಸಿಗೆಯ ತನಕ ಬರುತ್ತಾರೆ. ಊಟ ಸೇರದಿರುವುದು ಸಹಜ. ನೀವು ಮಾಡಿದ್ದು ತಪ್ಪೇ, ಅದನ್ನು ಸಣ್ಣದು ಮಾಡಿ ಹೇಳಲಾರೆ. ಆದರೆ ಮೂವರ ಕೆಲಸವನ್ನು ಒಬ್ಬಳ ತಲೆಗೆ ಕಟ್ಟಿದವರು ಬೇರೆ.

ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ದೊಡ್ಡ ವೇದಿಕೆ ಕಟ್ಟಿ ಚಾಲನೆ ಕೊಟ್ಟರು. ಅರ್ಜಿ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ, ಹಣ ನೇರ ಖಾತೆಗೆ. ಹಾಗಾಗಿ ಕಚೇರಿಗೆ ಹೊರೆಯಿಲ್ಲ ಎಂದು ಮೇಲಿನವರು ಎಣಿಸಿದ್ದಿರಬೇಕು. ದಾಖಲೆ ಹೊಂದದೆ ಹೋದಾಗ, ಇನ್ನೂ ಕೆಲಸ ಸಿಕ್ಕಿಲ್ಲ ಎಂಬ ಸ್ವಯಂ ಘೋಷಣೆ ಮರೆತು ಕಂತು ನಿಂತಾಗ ಜನರಿಗೆ ಪೋರ್ಟಲ್‌ನ ಕದ ತಟ್ಟಲಾಗುತ್ತದೆಯೇ? ನಿಮ್ಮ ಕದವನ್ನೇ ತಟ್ಟುತ್ತಾರೆ. ಇತ್ತ ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ. ಕೆಲಸ ಕೊಡಿಸುವ ಕಚೇರಿಯಲ್ಲಿ ಕೆಲಸಕ್ಕೆ ಜನವಿಲ್ಲ, ಕೆಲಸವಿಲ್ಲದ ಪದವೀಧರರು ಅದರ ಮೆಟ್ಟಿಲ ಮೇಲೆಯೇ ಕೂತಿದ್ದಾರೆ. ನಗಬೇಕೋ ಅಳಬೇಕೋ ತಿಳಿಯದು.

ನಿಮ್ಮ ಪತ್ರದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಬೇರೆಯೇ ಒಂದು ಸಾಲು. ಸಾಹೇಬರ ಲಾಗಿನ್‌ನಲ್ಲಿ ಕೆಲಸ ಮುಗಿಸುತ್ತೇನೆ ಎಂದು ಹೋಗುತ್ತ ಹೋಗುತ್ತ ಬರೆದಿದ್ದೀರಿ. ನಾಳೆಯಿಂದಲೇ ನಿಲ್ಲಿಸಿ. ಕೆಲಸ ಸಿಕ್ಕಿದ್ದರೂ ಮುಚ್ಚಿಟ್ಟು ಹಣ ಪಡೆದ ಯಾರದೋ ಕಡತ ಮುಂದೊಂದು ದಿನ ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ, "ಆ ದಿನ ನಾನು ಊರಲ್ಲೇ ಇರಲಿಲ್ಲ, ಆ ಹುಡುಗಿ ಒತ್ತಿದ್ದು" ಎಂಬ ಮಾತು ಬರಲು ಎಷ್ಟು ಹೊತ್ತು? ಕಾಯಂ ನೌಕರನಿಗಾದರೆ ನೋಟಿಸು, ವಿಚಾರಣೆ ಎಲ್ಲ ಉಂಟು. ನಿಮಗೆ ಏಜೆನ್ಸಿಯಿಂದ ಒಂದು ಫೋನು, ಅಷ್ಟೇ. ಸಾಹೇಬರಿಗೆ ಎದುರಾಡಬೇಕಾಗಿಲ್ಲ. ದಿನಕ್ಕೆ ಎಷ್ಟು ಜನ ಬಂದರು, ಎಷ್ಟು ಅರ್ಜಿ ನೋಡಿದಿರಿ, ಎಷ್ಟು ಅವರ ಒಪ್ಪಿಗೆಗೆ ಕಾದಿವೆ ಎಂದು ಹದಿನೈದು ದಿನ ಒಂದು ರಿಜಿಸ್ಟರಿನಲ್ಲಿ ಬರೆಯಿರಿ. ಅದನ್ನೇ ಒಂದು ಪುಟದ ಮನವಿ ಮಾಡಿ, "ಹೆಚ್ಚುವರಿ ಸಿಬ್ಬಂದಿ ಕೋರಿ" ಎಂದು ವಿಷಯ ಹಾಕಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಜನ ಕೊಡುತ್ತಾರೋ ಇಲ್ಲವೋ, ನಿಮ್ಮ ಕೈಯಲ್ಲಿ ಒಂದು ಕಾಗದವಂತೂ ಉಳಿಯುತ್ತದೆ.

ಸಂಬಳದ ವಿಷಯಕ್ಕೂ ಕಾಗದವೇ ಬೇಕು. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವರೇ ಕೊಡಬೇಕು ಎಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದ ಬಂದ ನಿಯಮ. ಏಜೆನ್ಸಿಗೆ ಬರೆದು ಕಚೇರಿಗೆ ಒಂದು ಪ್ರತಿ ಕೊಡಿ. ಆಮೇಲೂ ಅಲುಗದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಹಾಗೆಯೇ ಮೊಬೈಲ್‌ನಲ್ಲಿ ಪಿಎಫ್ ಖಾತೆ ತೆರೆದು ನೋಡಿ. ಕಡಿತವಾದ ಹಣ ಅಲ್ಲಿಗೆ ಸೇರಿಲ್ಲದ ಕತೆಗಳನ್ನು ಈ ಅಂಕಣದಲ್ಲಿ ಬೇಕಾದಷ್ಟು ಓದಿದ್ದೇನೆ.

ಬಿಡಬೇಕೇ ಎಂದಿರಿ. ಈಗ ಬೇಡ. ನಿಮ್ಮ ಯಜಮಾನರದು ಕಾಳಜಿಯ ಮಾತೇ, ಆದರೆ ಬಾಕಿ ಕೈಸೇರುವ ಮೊದಲು, ಬೇರೆ ಕಡೆ ಒಂದು ಮಾತು ಗಟ್ಟಿಯಾಗುವ ಮೊದಲು ಎದ್ದು ಬಂದರೆ ನಷ್ಟ ನಿಮಗೆ ಮಾತ್ರ. ಹೇಗೂ ಯುವನಿಧಿ 2022–23ರಿಂದ ಈಚೆಗೆ ತೇರ್ಗಡೆಯಾದವರಿಗೆ. ಏಳು ವರ್ಷ ದುಡಿದ ನಿಮಗೆ ಆ ಸಾಲಿನಲ್ಲೂ ಜಾಗವಿಲ್ಲ. ಆರು ತಿಂಗಳು ಗಡುವು ಇಟ್ಟುಕೊಂಡು ಹುಡುಕಿ. ಅಲ್ಲಿಯ ತನಕ ಭಾನುವಾರ ಕಚೇರಿಗೆ ಕರೆದರೆ ಹೋಗಬೇಡಿ.

ಇನ್ನು ಆ ಹುಡುಗ. ಅರ್ಜಿ ನಿಮ್ಮಲ್ಲೇ ಇದೆ. ನಾಳೆ ಜನ ಸೇರುವ ಮುಂಚೆ ಕಚೇರಿಯ ಫೋನಿನಿಂದ ಕರೆ ಮಾಡಿ. ಕ್ಷಮೆಯನ್ನು ಉದ್ದ ಎಳೆಯಬೇಡಿ, ಅವನಿಗೇ ಮುಜುಗರ. ಒಂದನೇ ತರಗತಿಯಲ್ಲಿ ಮೇಷ್ಟರು ಬರೆದ ಹೆಸರಿಗೂ ಆಧಾರ್ ಯಂತ್ರದ ಮುಂದೆ ಕೂತವನು ಒತ್ತಿದ ಹೆಸರಿಗೂ ನಡೆಯುತ್ತಿರುವ ಜಗಳವಿದು, ಅವನ ತಪ್ಪೇನಿಲ್ಲ. ಎಲ್ಲಿ, ಯಾವ ಅಕ್ಷರ ತಿದ್ದಿಸಬೇಕು, ಏನೇನು ತರಬೇಕು ಎಂದು ಬರೆದುಕೊಳ್ಳುವಷ್ಟು ನಿಧಾನವಾಗಿ ಹೇಳಿ. ಅವನ ತಾಯಿಯೂ ಜೊತೆಗೆ ಬಂದರೆ ಕೂರಿಸಿ. ಖಾಲಿ ಕುರ್ಚಿಗೆ ನಿಮ್ಮ ಕಚೇರಿಯಲ್ಲಿ ಬರವಿಲ್ಲವಲ್ಲ.